ಜಡೆ ಹೆಣೆದ ತಂತಿ

ಕಡಯಂಪಟ್ಟಿ
೧೨-೬-೨೦೨೪

ಪ್ರೀತಿಯ ಅಣ್ಣಾ,

ಆರೋಗ್ಯ ಹೇಗಿದೆ? ಹೊಗೆನಕಲ್ಲಿನಲ್ಲಿ ದಿನವೂ ಹುರಿದ ಮೀನು ತಿಂದು ನಿನ್ನ ಹೊಟ್ಟೆ ಕೆಟ್ಟಿದೆಯೆಂದು ಮೀನು ಮಾರುವ ಗೋವಿಂದಮ್ಮ ಹೇಳಿದಳು. ಜೀರಿಗೆ ಕಷಾಯ ಕುಡಿ. ಫೋನು ಆಫ್ ಮಾಡಿಟ್ಟು ತಲೆಮರೆಸಿಕೊಂಡಿದ್ದೀಯಲ್ಲ, ಅದಕ್ಕೇ ಅವಳ ಮೀನಿನ ಬುಟ್ಟಿಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ವಾಸನೆ ಹೊಡೆದರೆ ನನ್ನನ್ನು ಬೈಯಬೇಡ.

ನಾವು ಚೆನ್ನಾಗಿದ್ದೇವೆ. ನಮ್ಮ ಮನೆಯವರನ್ನು ಸೇಲಂ ಆಸ್ಪತ್ರೆಯಿಂದ ಮೊನ್ನೆ ಕಳಿಸಿದರು. ಕಣ್ಣು ಎರಡೂ ಹೋದವು. ಮುಖದ ಗಾಯ ನೋಡಿ ಮಗಳು ಹತ್ತಿರ ಸುಳಿಯುವುದಿಲ್ಲ. ಪಾಪ, ಅವಳಿಗೆ ನಿದ್ದೆ ಬಂದಿರಬೇಕು ಎನ್ನುತ್ತಾರೆ ಇವರು.

ಸಬ್ಬಕ್ಕಿ ಮಿಲ್ಲಿಗೆ ನೀನು ಮಾಡಿಕೊಟ್ಟ ಕರೆಂಟಿನ ಪ್ಯಾನೆಲ್ ಸುಟ್ಟು ಕರಕಲಾದ ಮೇಲೂ ಒಳಗಿನ ತಂತಿಯ ಜಡೆ ಬಿಚ್ಚಿರಲಿಲ್ಲವಂತೆ. ಅಮ್ಮ ತೀರಿಕೊಂಡ ಮೇಲೆ ನನ್ನ ತಲೆ ಬಾಚಿ ಕಲಿತ ಕೈಯಲ್ಲವೇ ಅದು. ಒಂದು ಕೂದಲು ಹೊರಗೆ ಬಿಡುತ್ತಿರಲಿಲ್ಲ. ನೋವೆಂದರೆ ತಲೆಗೊಂದು ಮೊಟಕುತ್ತಿದ್ದೆ. ನಿನ್ನ ಶೆಡ್ಡಿಗೆ ಹೆಸರು ಬಂದದ್ದೇ ಆ ಜಡೆಯಿಂದ. ಹತ್ತು ಎಚ್‌ಪಿ ಮೋಟರಿಗೆ ನಾಲ್ಕು ಎಂಎಂ ತಂತಿ ಹಾಕೆಂದು, ಮಿಲ್ಲಿನ ಮೋಟರು ನೋಡಿಕೊಳ್ಳುವ ಇವರು ಹೇಳಿದ್ದರು. ದಪ್ಪ ತಂತಿ ಮೊಂಡು, ಜಡೆಗೆ ಬಗ್ಗುವುದಿಲ್ಲ. ಚಂದಕ್ಕೆಂದು ನೀನು ಒಂದೂವರೆ ಹಾಕಿದೆ. ಯಾವ ಮೋಟರಿಗೆ ಯಾವ ತಂತಿ ಎನ್ನುವ ಪಟ್ಟಿಯಲ್ಲಿ ಅಷ್ಟು ಸಾಕು ಎಂದು ಈಗ ಹೇಳುತ್ತೀಯಂತೆ. ಸಾಕು ಅಣ್ಣಾ, ಗಾಳಿಯಲ್ಲಿ ಒಂಟಿಯಾಗಿ ಬಿಟ್ಟ ತಂತಿಗೆ. ಒಂದು ರಾಶಿ ತಂತಿಯನ್ನು ಬಿಗಿದು, ಸಬ್ಬಕ್ಕಿ ಹುರಿಯುವ ಒಲೆಯ ಪಕ್ಕ ತಗಡಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಆ ಬಿಸಿ ಎಲ್ಲಿಗೆ ಹೋಗಬೇಕು? ಸುಟ್ಟ ವಾಸನೆ ಬಂತೆಂದು ಇವರು ಪೆಟ್ಟಿಗೆಯ ಬಾಗಿಲು ತೆರೆದರು, ಬೆಂಕಿ ಮುಖಕ್ಕೇ ಹೊಡೆಯಿತು. ಇವರು ಮಾಡಿದ್ದು ಅಷ್ಟೇ.

ನೀನು ಹೇಳಿಕಳಿಸಿದ್ದನ್ನು ಗೋವಿಂದಮ್ಮ ಒಂದಕ್ಷರ ಬಿಡದೆ ಒಪ್ಪಿಸಿದಳು. "ನಿನ್ ಗಂಡ ಮಾದೇಶನೇ ವೈರ್ ಬದಲಾಯ್ಸ್‌ದ ಅಂತ ಸ್ಟೇಷನ್ನಾಗೆ ಏಳ್ಬುಡು ತಂಗಿ. ಅವ್ನ್ ಬಾಳು ಎಂಗೂ ಓಗೈತೆ, ನನ್ದಾದ್ರೂ ಉಳೀಲಿ."

ಯೋಚಿಸಿ ನೋಡಿದೆ. ಹಾಗೆ ಹೇಳಿದರೆ ಮಿಲ್ಲಿನವರು ಇವರದೇ ತಪ್ಪೆಂದು ಪರಿಹಾರ ಕೊಡದೆ ಕೈತೊಳೆದುಕೊಳ್ಳುತ್ತಾರೆ. ಹೇಳದಿದ್ದರೆ ನೀನು ಜೈಲಿಗೆ. ಇವರಿಗಂತೂ ನಿನ್ನ ಮೇಲೆ ಎಳ್ಳಷ್ಟೂ ಅನುಮಾನವಿಲ್ಲ. ಅಶ್ವತ್ಥ್ ನಾಲ್ಕೇ ಹಾಕಿರುತ್ತಾನೆ, ಮಿಲ್ಲಿನವರೇ ಏನೋ ಎಡವಟ್ಟು ಮಾಡಿದ್ದಾರೆ ಎನ್ನುತ್ತಾರೆ. ಮಗಳ ಕಿವಿ ಚುಚ್ಚುವ ದಿನ ಸೋದರಮಾವನ ತೊಡೆ ಬೇಕಲ್ಲ, ಅವನು ಬರುತ್ತಾನಲ್ಲ ಎಂದು ಬೆಳಗ್ಗೆಯೂ ಕೇಳಿದರು.

ಹೊಳೆಗೆ ಇಳಿಯುವಾಗ ಜೋಪಾನ. ಆ ನಿನ್ನ ಬೆರಳುಗಳನ್ನು ದೇವರು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಗಂಗಾಲಕ್ಷ್ಮಿ

ಮರೆತಿದ್ದೆ: ತಂತಿ ಯಾವುದು, ಆರಿಸಿದವನು ಯಾರು, ಈಗ ಎಲ್ಲಿದ್ದಾನೆ, ಎಲ್ಲವನ್ನೂ ನಿನ್ನೆಯೇ ಸ್ಟೇಷನ್ನಿನಲ್ಲಿ ಹೇಳಿ ಸಹಿ ಹಾಕಿದೆ. ಈಗಷ್ಟೇ ಅಕ್ಕಸಾಲಿ ಬಂದು, ಮಗುವನ್ನು ಯಾರ ತೊಡೆಯ ಮೇಲೆ ಕೂರಿಸುತ್ತೀರಿ ಎಂದು ಕೇಳಿದ. ಸೋದರಮಾವ ತೀರಿಕೊಂಡ ಎಂದೆ. ಒಳಗೆ ಇವರಿಗೂ ಕೇಳಿಸಿತು, ನಿನಗಾಗಿ ಅಳುತ್ತಿದ್ದಾರೆ. ಎಂದಾದರೂ ಬಂದು ನನ್ನ ಮಾತನ್ನು ಸುಳ್ಳು ಮಾಡಬೇಡ.