ನನ್ನ ಪಾಲಿನ ಸೂಜಿ

ತಿಪಟೂರು
19-8-2007

ಪ್ರೀತಿಯ ದಿವ್ಯಾ,

ಹಂದನಕೆರೆ ಬಸ್ಸಿನಲ್ಲಿ ನೀನು ಕಳಿಸಿದ ಕೊಬ್ಬರಿ, ಕಾಗದ ಎರಡೂ ತಲುಪಿ ವಾರವಾಯಿತು. ಗೌರಿ ಹಬ್ಬಕ್ಕೆ ನಮ್ಮನೆಗೇ ಬನ್ನಿ ಅಕ್ಕ, ಅವ್ವನ ಹಸಿರು ಸೀರೆ ಕೊಟ್ಟು ಮಡಿಲು ತುಂಬುತ್ತೇನೆ, ವಾರ್ಡಿನಲ್ಲಿ ಅವಳನ್ನು ಮಗಳಿಗಿಂತ ಹೆಚ್ಚಾಗಿ ನೋಡಿಕೊಂಡಿರಿ ಎಂದು ಬರೆದಿದ್ದೀಯೆ. ಡ್ಯೂಟಿ ಇದೆ, ಬರಲಾಗದು ಎಂದು ಗೀಚಿ ಮುಗಿಸೋಣ ಎಂದುಕೊಂಡೆ. ಸುಳ್ಳು ಹೇಳುವುದಕ್ಕೂ ಶಕ್ತಿ ಬೇಕು ಕಣೇ, ನನ್ನಲ್ಲಿ ಅದು ಉಳಿದಿಲ್ಲ.

ನಿನ್ನ ಅವ್ವ ಪುಟ್ಟಗಂಗಮ್ಮನವರು ಕ್ಯಾನ್ಸರಿನಿಂದ ಹೋಗಲಿಲ್ಲ. ಔಷಧಿ ಹಿಡಿದಿತ್ತು. ಆದರೆ ಅದೇ ಔಷಧಿ ಮೈಯ ಶಕ್ತಿಯನ್ನೆಲ್ಲ ಹೀರಿತ್ತು. ಅಂಥ ಹೊತ್ತಿನಲ್ಲಿ ಫ್ಲೂ ಜ್ವರ ತಗುಲಿ ಎದೆಗಿಳಿಯಿತು. ಇಷ್ಟನ್ನು ಡಾಕ್ಟರು ನಿನಗೂ ಹೇಳಿದ್ದಾರೆ. ನಾನು ಹೇಳದೆ ಉಳಿಸಿಕೊಂಡದ್ದು ಬೇರೆ ಇದೆ.

ಇಂಥ ರೋಗಿಗಳಿಗೆ ನಮ್ಮಿಂದ ಜ್ವರ ಹರಡಬಾರದೆಂದು ಏಪ್ರಿಲ್‌ನಲ್ಲಿ ನಮಗೆಲ್ಲ ಫ್ಲೂ ಸೂಜಿ ತರಿಸಿದ್ದರು. ಚುಚ್ಚುವ ಕೆಲಸ ನನ್ನದೇ. ತಪ್ಪಿಸಿಕೊಳ್ಳುತ್ತಿದ್ದ ಆಯಾಗಳನ್ನು ಹಿಡಿದು, ಬೈದು, ನಲವತ್ತೊಂದು ತೋಳಿಗೆ ಹಾಕಿದೆ. ನನ್ನದೊಂದು ಉಳಿಯಿತು. ಎರಡು ಪಾಳಿ ಒಟ್ಟಿಗೆ ಮಾಡಿ ಕಾಲು ಬಿದ್ದುಹೋಗಿತ್ತು. ಸೂಜಿಯಿಂದ ಮೈ ಬಿಸಿಯಾದರೆ ಬೆಳಿಗ್ಗೆ ಕೆಲಸಕ್ಕೆ ಯಾರು, ನಾಳೆ ಹಾಕಿಸಿಕೊಂಡರಾಯಿತು ಎಂದು ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೂ ಗುರುತು ಹಾಕಿ ಎದ್ದುಹೋದೆ. ಆ ನಾಳೆ ಬರಲೇ ಇಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಕಲಗಚ್ಚಿನಲ್ಲಿ ಬಿತ್ತಂತೆ. ಹಲ್ಲಿಯಾದರೆ ತಾನೊಂದೇ ಬಿತ್ತು.

ಜೂನಿನಲ್ಲಿ ನನಗೆ ಜ್ವರ ಬಂತು. ಏಳು ಜನರ ಕೆಲಸಕ್ಕೆ ನಾಲ್ವರಿದ್ದೆವು, ರಜೆ ಕೇಳಲಿಲ್ಲ. ಮಾತ್ರೆ ನುಂಗಿ ವಾರ್ಡಿಗೆ ಹೋದೆ. ಬೇರೆಯವರು ತುತ್ತು ಕೊಟ್ಟರೆ ಅವ್ವ ಬಾಯಿ ತೆರೆಯುತ್ತಿರಲಿಲ್ಲ, ನಾನು ತುರುವೇಕೆರೆಯವಳು, ನಮ್ಮ ಕಡೆಯವಳು ಎಂದು ನನ್ನ ಕೈಯಲ್ಲೇ ಉಣ್ಣುತ್ತಿದ್ದರು. ಅಂದೂ ನಾನೇ ಉಣ್ಣಿಸಿದೆ. ಮೂರನೇ ದಿನಕ್ಕೆ ಅವರ ಮೈ ಸುಡುತ್ತಿತ್ತು.

ಯಾರಿಂದ ತಗುಲಿತೋ ಹೇಳಲಾಗದು ಎಂದರು ಡಾಕ್ಟರು. ಎರಡು ತಿಂಗಳು ಆ ಮಾತನ್ನೇ ಹಿಡಿದುಕೊಂಡಿದ್ದೆ. ಮೊನ್ನೆ ಮೇಟ್ರನ್ ಎದುರು ಎಲ್ಲ ಒಪ್ಪಿಕೊಂಡೆ, ಅವರು ಏನಾದರೂ ಮಾಡಲಿ. ನನಗೆ ಭಯವಿದ್ದದ್ದು ನಿನ್ನದು. ಇದನ್ನು ಓದಿದ ಮೇಲೂ ಕರೆದರೆ ಬರುತ್ತೇನೆ. ಬೈಯಲು ಕರೆದರೂ ಬರುತ್ತೇನೆ.

ನಿನ್ನಿಂದ ಅಕ್ಕ ಎನಿಸಿಕೊಂಡ,
ಶಾಂತಕುಮಾರಿ

ವಿ.ಸೂ.: ಇದೊಂದನ್ನು ಬಿಟ್ಟುಬಿಡೋಣ ಎಂದಿದ್ದೆ. ಅಂದು ನಾನು ಕೆಮ್ಮಿದ್ದು ಅವ್ವನಿಗೆ ಕೇಳಿಸಿತ್ತು. “ನಿಂಗೇ ಮೈ ಕಾಯ್ತೈತಲ್ಲೇ, ಹೋಗಿ ಮಲಿಕ್ಕಬಾರ್ದಾ” ಎಂದರು. “ನಂಗೇನಾಗೈತೆ, ಬುಡವ್ವ” ಎಂದೆ. ಅವರೇ ಮಂಚದ ಅಂಚಿಗೆ ಸರಿದು, “ಒಸಿ ಒತ್ತು ಒರಗು ಬಾ” ಎಂದು ಜಾಗ ಮಾಡಿಕೊಟ್ಟರು. ನಾನು ಅವರ ಮಗ್ಗುಲಲ್ಲೇ ಮಲಗಿ ನಿದ್ದೆ ಹೋದೆ.