ನಿಮ್ಮೂರಿನ ಮೊದಲ ಕರೆ

ಪ್ರೀತಿಯ ಅಕ್ಕಾ,

ನನ್ನ ಮದುವೆಯಾದಾಗಿನಿಂದ ಫೋನಿನಲ್ಲಿ, ಕರೆ ಮಾಡಿದವರ ಮನೆಗೆ ಹೋಗಿ ನೆರವಾಗುವ ನಮ್ಮ ಸ್ವಯಂಸೇವಕರ ಬಳಗದ ಸುದ್ದಿಯನ್ನೇ ಕೊರೆದಿದ್ದೇನೆ, ಅಲ್ವಾ? ರಾಜ್ಯದ ಎಲ್ಲ ಜಿಲ್ಲೆಗೂ ಮುಟ್ಟಿದೆವು ಅಂತ ಇವರೂ ನಾನೂ ಕುಣಿದಿದ್ದೇ ಕುಣಿದಿದ್ದು! ನಿನ್ನೆ ನಿಮ್ಮೂರಿನಿಂದಲೂ ಮೊದಲ ಕರೆ ಬಂತು: "ಬಾಣಂತಿಗೆ ನಿದ್ದೆಯಿಲ್ಲ, ಎರಡು ಗಂಟೆ ಮಗು ಎತ್ತಿಕೊಳ್ಳುವವರು ಬೇಕು." ಆಫೀಸಿನಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನೇ. ಆಮೇಲೆ ವಿಳಾಸ ನೋಡಿದರೆ ನಿನ್ನ ಮನೆ.

"ಪಾಪು ಹೇಗಿದೆ?" ಅಂತ ಕೇಳಿದಾಗೆಲ್ಲ "ಚೆನ್ನಾಗಿದೆ ಕಣೇ" ಅನ್ನುತ್ತಿದ್ದೆ ನೀನು. ನೀನು ಹೇಗಿದ್ದೀಯ ಅಂತ ನಾನು ಕೇಳಲೇ ಇಲ್ಲ.

ಈ ಪತ್ರ ತಂದ ಆಂಟಿ ನಮ್ಮ ಬಳಗದವರು. ಮಗುವನ್ನು ಅವರ ಕೈಗೆ ಕೊಟ್ಟು ಮಲಗು. ನಾನು ನಿನ್ನ ತಂಗಿ ಅಂತ ಅವರಿಗೆ ಹೇಳಲು ಬಾಯಿ ಬರಲಿಲ್ಲ. ನೀನೂ ಹೇಳಬೇಡ. ನಾಳೆ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ಬೈಯುವುದಿದ್ದರೆ ನಿದ್ದೆ ಮಾಡಿ ಎದ್ದಮೇಲೆ ಬೈ.

ತಲೆ ತಗ್ಗಿಸಿಕೊಂಡು,
ನಿನ್ನ ಬಾಯಿಬಡುಕಿ