ಹತ್ತು ನಿಮಿಷದ ಕರೆಂಟ್

ಗುಂಡ್ಲುಪೇಟೆ, ೨೦೦೮

ಅಬ್ಬಾ,

ನೀವು ಮದುವೆ ಕಾರ್ಡ್ ಮಾಡುತ್ತಿದ್ದ ಲ್ಯಾಪ್‌ಟಾಪ್‌ಗೆ ಇವತ್ತು ದೊಡ್ಡ ಹಾರ್ಡ್‌ಡಿಸ್ಕ್ ಹಾಕಿದೆ. "ಮುಟ್ಟಬೇಡ ಶಬೀನಾ" ಅಂತ ಬೈಯಲು ನೀವಿಲ್ಲವಲ್ಲ. ಹೊಸ ಡಿಸ್ಕನ್ನು ಆ ಮುದುಕ ಲ್ಯಾಪ್‌ಟಾಪ್ ಗುರುತಿಸಲೇ ಇಲ್ಲ; ಅದನ್ನು ಎಬ್ಬಿಸುವ ಮೂಲ ತಂತ್ರಾಂಶ, ಫರ್ಮ್‌ವೇರ್, ಬದಲಿಸಬೇಕಾಯಿತು. ಬದಲಿಸುವಾಗ ನಡುವೆ ಕರೆಂಟ್ ಹೋದರೆ ಅದು ಮತ್ತೆ ಏಳುವುದಿಲ್ಲ. ಬ್ಯಾಟರಿ ಸತ್ತು ಎಷ್ಟೋ ಕಾಲವಾಯಿತು. ನಮ್ಮೂರಲ್ಲಿ ಕರೆಂಟ್ ಹೋಗದ ದಿನವಿಲ್ಲ. ಪ್ರಿಂಟ್ ತೆಗೆಯುವ ಮುಂಚೆ ನೀವು ಮಾಡುತ್ತಿದ್ದಂತೆ ಸಬ್‌ಸ್ಟೇಷನ್ನಿನ ಮರಿಯಯ್ಯನವರಿಗೆ ಫೋನ್ ಮಾಡಿದೆ.

"ಅಣ್ಣಾ, ಹತ್ತು ನಿಮಿಷ ಕರೆಂಟ್ ತೆಗೀಬೇಡಿ."



"ಪಾಷಾ ಸಾಬ್ರು ಕೇಳ್ದಂಗೇ ಕೇಳ್ತೀಯಲ್ಲಮ್ಮಿ. ಅವ್ರ ಮ್ಯಾಲೆ ಸುಮ್ಸುಮ್ನೆ ರೇಗ್ಬುಡ್ತಿದ್ದೆ ಕಣಮ್ಮಿ. ನೀ ಮಾಡ್ಕೊ ಓಗು."

ಬೇಗನೆ ಮುಗಿಯಿತು. ಹಳೆಯ ಡಿಸ್ಕಿನಿಂದ ನಕಲು ಮಾಡಿದ ನಿಮ್ಮ ಕಾರ್ಡುಗಳೆಲ್ಲ ಹಾಗೇ ಇವೆ. ಮುಗಿಯಿತೆಂದು ಅವರಿಗೆ ಹೇಳಲು ಮರೆತೆ.

ಕತ್ತಲಾಗುವವರೆಗೂ ನಮ್ಮ ಬೀದಿಯಲ್ಲಿ ಕರೆಂಟ್ ಹೋಗಲಿಲ್ಲ, ಅಬ್ಬಾ.